ಹಿಂದೂ ಕಾಲೇಜಿನ ‘ಪಾರ್ಥೆನಾನ್’ ಪತ್ರಿಕೆಯ ನಿಗ್ರಹ: ಒಂದು ವಿಮರ್ಶೆ

ಕ್ರಿ.ಶ. 1830ರ ಫೆಬ್ರವರಿ ತಿಂಗಳಲ್ಲಿ ಕಲ್ಕತ್ತೆಯ ಹಿಂದೂ ಕಾಲೇಜಿನ ಕೆಲವು ವಿದ್ಯಾರ್ಥಿಗಳು ‘ಪಾರ್ಥೆನಾನ್’ ಎಂಬ ಇಂಗ್ಲಿಷ್ ಪತ್ರಿಕೆಯೊಂದನ್ನು ಹೊರಡಿಸಿದರು. ಅದರ ಮೊದಲನೆಯ ಸಂಚಿಕೆಯೊಂದೇ ಓದುಗರನ್ನು ಮುಟ್ಟಿತು. ಎರಡನೆಯ ಸಂಚಿಕೆ ಅಚ್ಚಾಗಿದ್ದರೂ ಹಂಚಿಕೆಯಾಗುವ ಮೊದಲೇ ಕಾಲೇಜಿನ ಆಡಳಿತವರ್ಗ ಅದನ್ನು ತಡೆಯಿತು. ಪತ್ರಿಕೆ ಅಲ್ಲಿಗೇ ನಿಂತುಹೋಯಿತು. ವಂಗದೇಶದ ನವೋದಯವನ್ನು ಕುರಿತ ಗ್ರಂಥಗಳಲ್ಲಿ ಈ ಪ್ರಸಂಗಕ್ಕೆ ಸಾಮಾನ್ಯವಾಗಿ ಎರಡು ಮೂರು ವಾಕ್ಯಗಳಿಗಿಂತ ಹೆಚ್ಚಿನ ಸ್ಥಳ ದೊರೆತಿಲ್ಲ. ಮರುವರ್ಷವೇ ಅದೇ ಕಾಲೇಜಿನ ಅಧ್ಯಾಪಕ ಹೆನ್ರಿ ಡಿರೋಜಿಯೊ ಹುದ್ದೆಯನ್ನು ಬಿಡಬೇಕಾಗಿ ಬಂದ ಕಥೆ ಹೆಚ್ಚು ಪ್ರಸಿದ್ಧವಾದುದರಿಂದ, ವಿದ್ಯಾರ್ಥಿಗಳ ಪತ್ರಿಕೆಯ ಕಥೆ ಅದರ ನೆರಳಿನಲ್ಲಿ ಮರೆಯಾಗಿದೆ.

ಈ ಎರಡು ಘಟನೆಗಳನ್ನೂ ಸನಾತನಧರ್ಮಕ್ಕೂ ಸ್ವತಂತ್ರ ವಿಚಾರಕ್ಕೂ ನಡೆದ ಘರ್ಷಣೆಯೆಂದು ವರ್ಣಿಸುವುದು ವಾಡಿಕೆ. ಕಾಲೇಜಿನವರು ಧರ್ಮವನ್ನು ರಕ್ಷಿಸಿಕೊಂಡರೆಂದು ಒಂದು ಪಕ್ಷವೂ, ಧರ್ಮಾಂಧತೆಯಿಂದ ವರ್ತಿಸಿದರೆಂದು ಇನ್ನೊಂದು ಪಕ್ಷವೂ ಹೇಳುತ್ತ ಬಂದಿವೆ. ಧರ್ಮವೇ ಕಾರಣವೆಂಬುದನ್ನು ಉಭಯರೂ ಒಪ್ಪಿಕೊಂಡಿದ್ದಾರೆ. ನಮಗೆ ಸಂದೇಹವಿರುವುದು ಇಲ್ಲಿಯೇ. ದೊರೆಯುವ ಸಾಕ್ಷ್ಯಗಳನ್ನು ಕ್ರಮವಾಗಿ ಪರಿಶೀಲಿಸಿದರೆ, ಅಲ್ಲಿ ರಕ್ಷಣೆ ಪಡೆದುದು ಯಾವುದೊಂದು ಧರ್ಮತತ್ತ್ವವೂ ಅಲ್ಲ, ಸಂಸ್ಥೆಯ ಹೆಸರು ಎಂಬುದು ಸ್ಪಷ್ಟವಾಗುತ್ತದೆ. ಇದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

1

ಮೊದಲು ಕಾಲೇಜಿನ ಸ್ವರೂಪವನ್ನು ತಿಳಿಯಬೇಕು. 1816ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಎಡ್ವರ್ಡ್ ಹೈಡ್ ಈಸ್ಟರ ಮನೆಯಲ್ಲಿ ಕಲ್ಕತ್ತೆಯ ಗಣ್ಯ ಹಿಂದೂಗಳ ಸಭೆ ಸೇರಿತು. ಅದರ ಫಲವಾಗಿ 1817ರ ಜನವರಿ 20ರಂದು ಕಾಲೇಜು ಆರಂಭವಾಯಿತು. ಮರ್ಯಾದಸ್ಥ ಹಿಂದೂ ಮನೆತನಗಳ ಮಕ್ಕಳಿಗೆ ವಿದ್ಯೆ ಕಲಿಸುವುದು ಅದರ ಘೋಷಿತ ಉದ್ದೇಶ. ರಾಮಮೋಹನ ರಾಯರು ಈ ಕಾರ್ಯದಲ್ಲಿ ಸೇರಿದರೆ ತಾವು ಸೇರುವುದಿಲ್ಲವೆಂದು ಸಂಪ್ರದಾಯಸ್ಥ ಶ್ರೀಮಂತರು ಹಟ ಹಿಡಿದುದರಿಂದ, ರಾಯರು ತಾವಾಗಿಯೇ ದೂರ ಸರಿದರು. ಆರಂಭದ ದಿನದಿಂದಲೇ ಕಾಲೇಜಿನ ಬಾಗಿಲಲ್ಲಿ ಜನಾಭಿಪ್ರಾಯವೆಂಬ ಕಾವಲುಗಾರನೊಬ್ಬ ನಿಂತಿದ್ದನೆಂಬುದಕ್ಕೆ ಇದು ನಿದರ್ಶನ.

ಆದರೆ ಆ ಬಾಗಿಲ ಒಳಗೆ ಕಲಿಸುತ್ತಿದ್ದುದೇನು? ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯ, ಚರಿತ್ರೆ, ಭೂಗೋಳ, ಗಣಿತ. ವೇದವಾಗಲಿ ಸ್ಮೃತಿಯಾಗಲಿ ಪುರಾಣವಾಗಲಿ ಪಾಠಕ್ರಮದಲ್ಲಿ ಇರಲಿಲ್ಲ. ವಿದ್ಯಾರ್ಥಿಗಳು ಹಿಂದೂಗಳು, ಆಡಳಿತ ಮಂಡಲಿಯಲ್ಲಿ ಬಹುಮಂದಿ ಹಿಂದೂಗಳು, ಕಾಲೇಜಿನ ಹೆಸರೂ ಹಿಂದೂ, ಆದರೆ ಪಾಠ ಮಾತ್ರ ಪೂರ್ಣವಾಗಿ ಲೌಕಿಕ. ಇದನ್ನು 1830ರ ಜುಲೈ ತಿಂಗಳಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಡಫ್ ಅದೇ ನಗರದಲ್ಲಿ ತೆರೆದ ವಿದ್ಯಾಶಾಲೆಯೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಬೈಬಲ್ ಬೋಧನೆ ಮುಚ್ಚುಮರೆಯಿಲ್ಲದ ಉದ್ದೇಶವಾಗಿತ್ತು. ಅಂಥ ಸಂಸ್ಥೆ ವಿದ್ಯಾರ್ಥಿಯ ಲೇಖನವೊಂದನ್ನು ತಡೆದರೆ, ಅದು ತನ್ನ ಯಾವ ಸಿದ್ಧಾಂತಕ್ಕೆ ವಿರುದ್ಧವೆಂದು ಬೆರಳಿಟ್ಟು ತೋರಿಸಬಲ್ಲುದು. ನಾವು ಅದನ್ನು ಒಪ್ಪಬಹುದು, ಬಿಡಬಹುದು. ವಾದಕ್ಕೆ ಒಂದು ನೆಲೆಯಂತೂ ಇರುತ್ತದೆ. ಯಾವ ಸಿದ್ಧಾಂತವನ್ನೂ ಬೋಧಿಸದ ಹಿಂದೂ ಕಾಲೇಜಿಗೆ ಅಂಥ ನೆಲೆಯಿರಲಿಲ್ಲ.

2

ಇನ್ನು ಪತ್ರಿಕೆ ಹೊರಬಂದ ಕಾಲವನ್ನು ಗಮನಿಸಬೇಕು. 1829ರ ಡಿಸೆಂಬರ್ 4ರಂದು ಲಾರ್ಡ್ ವಿಲಿಯಂ ಬೆಂಟಿಂಕ್ ಸಹಗಮನವನ್ನು ನಿಷೇಧಿಸಿದನು. ಅದನ್ನು ಪ್ರತಿಭಟಿಸುವುದಕ್ಕಾಗಿ 1830ರ ಜನವರಿಯಲ್ಲಿ ಸಂಪ್ರದಾಯಸ್ಥರು ‘ಧರ್ಮಸಭೆ’ಯನ್ನು ಕಟ್ಟಿದರು. ಅದರ ಪ್ರಮುಖ ನಾಯಕರು ರಾಧಾಕಾಂತ ದೇವರು. ಅದರ ವಾಣಿ ಭವಾನೀಚರಣ ಬಂದ್ಯೋಪಾಧ್ಯಾಯರ ‘ಸಮಾಚಾರ ಚಂದ್ರಿಕಾ’. ಇದಾದ ಒಂದು ತಿಂಗಳಿಗೆ ‘ಪಾರ್ಥೆನಾನ್’ ಹೊರಟಿತು. ಮೊದಲ ಸಂಚಿಕೆಯಲ್ಲಿ ಸ್ತ್ರೀವಿದ್ಯಾಭ್ಯಾಸದ ಅಗತ್ಯ, ನ್ಯಾಯಾಲಯಗಳಲ್ಲಿ ನ್ಯಾಯ ಪಡೆಯಲು ತಗಲುವ ವೆಚ್ಚ, ಹಿಂದೂಗಳಲ್ಲಿ ಬೇರೂರಿದ ಮೂಢನಂಬಿಕೆಗಳು ಇವೇ ಮೊದಲಾದ ವಿಷಯಗಳಿದ್ದುವು. ರಾಧಾಕಾಂತ ದೇವರು ಕಾಲೇಜಿನ ಆಡಳಿತ ಮಂಡಲಿಯಲ್ಲಿಯೂ ಪ್ರಮುಖರಾಗಿದ್ದರು. ಊರಿನಲ್ಲಿ ಧರ್ಮಸಭೆಯನ್ನು ನಡೆಸುತ್ತಿದ್ದವರಿಗೆ ತಮ್ಮದೇ ಕಾಲೇಜಿನ ಹುಡುಗರ ಪತ್ರಿಕೆ ಎಷ್ಟು ಸಂಕಟವನ್ನುಂಟುಮಾಡಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ರಾಧಾಕಾಂತ ದೇವರನ್ನು ವಿದ್ಯಾವೈರಿಯೆಂದು ಚಿತ್ರಿಸುವುದು ಚರಿತ್ರೆಗೆ ಅಪಚಾರವಾಗುತ್ತದೆ. ‘ಶಬ್ದಕಲ್ಪದ್ರುಮ’ವೆಂಬ ಮಹಾ ಸಂಸ್ಕೃತಕೋಶ ಅವರ ಕೃತಿ. ಶಾಲಾಪುಸ್ತಕಗಳ ಪ್ರಕಟಣೆಗೂ ಊರ ಶಾಲೆಗಳ ಸುಧಾರಣೆಗೂ ಅವರು ದುಡಿದವರು. ಎಲ್ಲಕ್ಕಿಂತ ಮುಖ್ಯವಾಗಿ, ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಸಮರ್ಥಿಸಿ ಗೌರಮೋಹನ ವಿದ್ಯಾಲಂಕಾರರು 1822ರಲ್ಲಿ ಬರೆದ ‘ಸ್ತ್ರೀಶಿಕ್ಷಾವಿಧಾಯಕ’ ಎಂಬ ಪುಸ್ತಕಕ್ಕೆ ಅವರ ಬೆಂಬಲವಿತ್ತು. ಎಂಟು ವರ್ಷಗಳ ಹಿಂದೆ ಪಂಡಿತರೊಬ್ಬರು ಬರೆದಾಗ ಪ್ರೋತ್ಸಾಹಕ್ಕೆ ಪಾತ್ರವಾದ ವಿಷಯ, ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಕಾಣಿಸಿಕೊಂಡಾಗ ಆ ಪತ್ರಿಕೆಯನ್ನು ಉಳಿಸಲಿಲ್ಲ. ಮೂಢನಂಬಿಕೆಗಳ ಖಂಡನೆಯೇ ಹೆಚ್ಚು ನೋಯಿಸಿರಬಹುದು, ನಿಜ. ಆದರೆ ಹಾಗಿದ್ದರೆ ಆ ಲೇಖನವೊಂದಕ್ಕೆ ಉತ್ತರ ಬರೆಯಬಹುದಿತ್ತು, ಬರೆದವರನ್ನು ಕರೆದು ಕೇಳಬಹುದಿತ್ತು. ತಡೆದದ್ದು ಒಂದು ಲೇಖನವನ್ನಲ್ಲ, ಪತ್ರಿಕೆಯನ್ನೇ. ಆಕ್ಷೇಪಣೆ ಬರಹದಲ್ಲಿದ್ದ ವಿಷಯಕ್ಕಿಂತಲೂ, ಅದನ್ನು ಕಾಲೇಜಿನ ಹುಡುಗರು ಅಚ್ಚು ಹಾಕಿಸಿ ಊರಿಗೆ ಹಂಚಿದರೆಂಬುದರ ಮೇಲೆ ನಿಂತಿತ್ತೆಂದು ನಾವು ತಿಳಿಯುವುದು ಈ ಕಾರಣದಿಂದ.

ಮತ್ತೊಂದು ಅಂಶವೂ ಗಮನಾರ್ಹ. 1823ರಿಂದ ಬಂಗಾಳದಲ್ಲಿ ಪತ್ರಿಕೆಗಳಿಗೆ ಸರಕಾರದ ಪರವಾನಗಿ ಬೇಕೆಂಬ ಕಟ್ಟಳೆಯಿತ್ತು. ಅದು ರದ್ದಾದುದು 1835ರಲ್ಲಿ. ಆದರೆ ‘ಪಾರ್ಥೆನಾನ್’ ಪತ್ರಿಕೆಯನ್ನು ನಿಲ್ಲಿಸಿದುದು ಕಂಪೆನಿ ಸರಕಾರದ ಕಟ್ಟಳೆಯಲ್ಲ. ಆ ಆಜ್ಞೆಯೊಡನೆ ಚರಿತ್ರಕಾರರು ಜೋಡಿಸುವ ಹೆಸರು ಕಾಲೇಜಿನ ಸಂದರ್ಶಕರಾಗಿದ್ದ ಹೋರೇಸ್ ಹೇಮನ್ ವಿಲ್ಸನ್ನರದು. ಸಂಸ್ಕೃತ ವಿದ್ವಾಂಸರಾಗಿ ಹೆಸರಾಂತ ಈ ಆಂಗ್ಲರಿಗೆ ಹಿಂದೂ ಸಂಪ್ರದಾಯದ ರಕ್ಷಣೆ ಸ್ವಧರ್ಮವೇನೂ ಆಗಿರಲಿಲ್ಲ. ಅವರು ಕಾಪಾಡಹೊರಟುದು ಕಾಲೇಜಿನ ಶಾಂತಿಯನ್ನು.

3

ಆಡಳಿತವರ್ಗದ ಪಕ್ಷವನ್ನೂ ನ್ಯಾಯವಾಗಿ ನೋಡಬೇಕು. ಕಾಲೇಜು ಹುಟ್ಟಿದುದು ಗಣ್ಯರ ವಂತಿಗೆಯಿಂದ. ಮುಂದೆ ಸರಕಾರದ ನೆರವು ಬಂದಮೇಲೂ ಅದು ನಡೆಯಬೇಕಾದರೆ ತಂದೆತಾಯಿಗಳು ಮಕ್ಕಳನ್ನು ಕಳುಹಿಸಬೇಕಾಗಿತ್ತು. ಹುಡುಗರು ಕೆಡುತ್ತಿದ್ದಾರೆಂಬ ಸುದ್ದಿ ಹಬ್ಬಿದರೆ ತರಗತಿಗಳು ಬರಿದಾಗುವುದು ಖಂಡಿತ. ಇಂಗ್ಲಿಷ್ ವಿದ್ಯೆ ಇನ್ನೂ ಬೇರುಬಿಡುತ್ತಿದ್ದ ಕಾಲದಲ್ಲಿ, ಒಂದು ಪತ್ರಿಕೆಗಾಗಿ ಕಾಲೇಜನ್ನೇ ಪಣಕ್ಕೊಡ್ಡುವುದು ಸರಿಯೇ ಎಂದು ಅವರು ಕೇಳಿದ್ದರೆ ಅದು ಕ್ಷುಲ್ಲಕ ಪ್ರಶ್ನೆಯಲ್ಲ. ಶಾಲೆ ಕಾಲೇಜುಗಳನ್ನು ನಡೆಸಿದ ಯಾರೂ ಅದನ್ನು ಹಗುರವಾಗಿ ತಳ್ಳಿಹಾಕಲಾರರು.

ಆದರೆ ಈ ವಾದಕ್ಕೆ ಒಂದು ಗುಣವಿದೆ: ಅದಕ್ಕೆ ಎಲ್ಲೆಯಿಲ್ಲ. ‘ಪಾರ್ಥೆನಾನ್’ ನಿಂತ ಕೆಲವೇ ತಿಂಗಳಲ್ಲಿ, ಡಫ್ ಮತ್ತು ಅವರ ಜೊತೆಯವರು ಕ್ರೈಸ್ತಧರ್ಮವನ್ನು ಕುರಿತು ಉಪನ್ಯಾಸಗಳನ್ನು ಆರಂಭಿಸಿದಾಗ, ಧಾರ್ಮಿಕ ಹಾಗೂ ರಾಜಕೀಯ ಚರ್ಚೆಗಳು ನಡೆಯುವ ಸಭೆಗಳಿಗೆ ವಿದ್ಯಾರ್ಥಿಗಳು ಹೋಗಕೂಡದೆಂದು ಆಡಳಿತವರ್ಗ ಆಜ್ಞೆ ಹೊರಡಿಸಿತು. ಮುದ್ರಣದ ಮೇಲಿದ್ದ ನಿರ್ಬಂಧ ಹೀಗೆ ಕಿವಿಯ ಮೇಲಿನ ನಿರ್ಬಂಧವಾಯಿತು. ಕಾಲೇಜಿನ ಆವರಣದ ಹೊರಗೆ, ಪಾಠದ ವೇಳೆಯ ಆಚೆ, ಹುಡುಗರು ಏನನ್ನು ಕೇಳಬೇಕೆಂಬುದನ್ನೂ ಕಾಲೇಜು ವಿಧಿಸತೊಡಗಿತು. ಧರ್ಮದೊಡನೆ ರಾಜಕೀಯವೂ ಆಜ್ಞೆಯಲ್ಲಿ ಸೇರಿದುದನ್ನು ವಾಚಕರು ಲಕ್ಷಿಸಬೇಕು.

ಮೂರನೆಯ ಹೆಜ್ಜೆ ಅಧ್ಯಾಪಕನ ಮೇಲೆ. ಡಿರೋಜಿಯೊ 1826ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಕಾಲೇಜನ್ನು ಸೇರಿದವನು. ಅವನ ಸುತ್ತ ನೆರೆದ ವಿದ್ಯಾರ್ಥಿಗಳ ಚರ್ಚಾಕೂಟವೇ ಪ್ರಸಿದ್ಧವಾದ ‘ಅಕೆಡೆಮಿಕ್ ಅಸೋಸಿಯೇಷನ್’. 1831ರ ಏಪ್ರಿಲ್ 23ರಂದು ಆಡಳಿತ ಮಂಡಲಿ ಸಭೆ ಸೇರಿತು. ಎಲ್ಲ ಅನರ್ಥಗಳಿಗೂ ಡಿರೋಜಿಯೊನೇ ಮೂಲವೆಂದೂ, ಅವನನ್ನು ತೆಗೆದುಹಾಕಬೇಕೆಂದೂ ರಾಮಕಮಲ ಸೇನರ ಸೂಚನೆ. ಇದೇ ರಾಮಕಮಲ ಸೇನರು ‘ಹಿಂದೂಸ್ತಾನೀ’ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸದಿಂದ ಜೀವನವನ್ನಾರಂಭಿಸಿ, ಸ್ವಪ್ರಯತ್ನದಿಂದ ಮೇಲೆ ಬಂದು, 1834ರಲ್ಲಿ ಇಂಗ್ಲಿಷ್–ಬಂಗಾಳಿ ನಿಘಂಟನ್ನು ಹೊರತಂದವರು. ಅಚ್ಚಿನ ಶಕ್ತಿಯನ್ನು ಅವರಷ್ಟು ಬಲ್ಲವರು ಮಂಡಲಿಯಲ್ಲಿ ವಿರಳ.

ಅಂದಿನ ನಡವಳಿಕೆಯನ್ನು ಸೂಕ್ಷ್ಮವಾಗಿ ಪರಿಶೀಲಿಸುವುದು ಅವಶ್ಯಕ. ಸಭೆಯ ಮುಂದೆ ಬಂದ ಪ್ರಶ್ನೆಗಳು ಎರಡು. ಡಿರೋಜಿಯೊ ಬಾಲಕರ ವಿದ್ಯಾಭ್ಯಾಸವನ್ನು ವಹಿಸಲು ಅಯೋಗ್ಯನೇ ಎಂಬುದು ಒಂದು. ಇದಕ್ಕೆ ಹೌದೆನ್ನಲು ಬಹುಮಂದಿ ಒಪ್ಪಲಿಲ್ಲ. ಪ್ರಮಾಣವಿಲ್ಲವೆಂದು ಕೆಲವರು ಹೇಳಿದರು. ವಿಲ್ಸನ್ನರೂ ಡೇವಿಡ್ ಹೇರರೂ ಅವನ ಪರವಾಗಿ ಮಾತನಾಡಿದರು. ಆಗ ಎರಡನೆಯ ಪ್ರಶ್ನೆ ಬಂದಿತು: ಕಲ್ಕತ್ತೆಯ ಹಿಂದೂ ಸಮಾಜದ ಪ್ರಕೃತ ಮನೋಭಾವವನ್ನು ನೋಡಿದರೆ ಅವನನ್ನು ತೆಗೆದುಹಾಕುವುದು ಉಚಿತವೇ? ಇದು ದೇಶೀಯರ ಭಾವನೆಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವಿಲ್ಸನ್ ಮತ್ತು ಹೇರ್ ಮತ ನೀಡದೆ ಉಳಿದರು. ಉಳಿದವರಲ್ಲಿ ಕೆಲವರು ಅವಶ್ಯವೆಂದರು, ಕೆಲವರು ಉಚಿತವೆಂದರು. ಶ್ರೀಕೃಷ್ಣ ಸಿಂಹರೊಬ್ಬರೇ ಅನವಶ್ಯಕವೆಂದರು. ವಿದ್ಯಾರ್ಥಿಗಳ ಚರ್ಚಾಕೂಟ ಸೇರುತ್ತಿದ್ದುದು ಮಾಣಿಕ್ತಲೆಯಲ್ಲಿದ್ದ ಅವರ ತೋಟದ ಮನೆಯಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ನಮ್ಮ ವಾದಕ್ಕೆ ಆಧಾರವಾಗಿರುವುದು ಈ ಎರಡು ಪ್ರಶ್ನೆಗಳ ಅಂತರ. ಮೊದಲನೆಯದು ನಿಜ ಸುಳ್ಳುಗಳ ಪ್ರಶ್ನೆ. ಅದಕ್ಕೆ ಸಾಕ್ಷ್ಯ ಬೇಕು, ಆಪಾದಿತನ ಉತ್ತರ ಬೇಕು. ಎರಡನೆಯದಕ್ಕೆ ಇವೊಂದೂ ಬೇಡ. ಜನ ಅಸಮಾಧಾನಗೊಂಡಿದ್ದಾರೆ ಎಂಬುದಷ್ಟೇ ಸಾಕು; ಅಸಮಾಧಾನ ಸಕಾರಣವೇ ಎಂಬ ವಿಚಾರಣೆ ಅಲ್ಲಿ ಏಳುವುದೇ ಇಲ್ಲ. ಡಿರೋಜಿಯೊ ಏಪ್ರಿಲ್ 25ರಂದು ರಾಜೀನಾಮೆ ಕೊಡುತ್ತ ದೂರಿದುದು ಇದನ್ನೇ: ತನ್ನ ಮೇಲೆ ದೋಷಾರೋಪಣೆ ಮಾಡಲಿಲ್ಲ, ತನ್ನ ಮಾತನ್ನು ಕೇಳಲಿಲ್ಲ. ಮರುದಿನ ವಿಲ್ಸನ್ನರಿಗೆ ಬರೆದ ಪತ್ರದಲ್ಲಿ, ಈಶ್ವರನ ಅಸ್ತಿತ್ವವನ್ನು ಕುರಿತು ಹ್ಯೂಮ್‌ನ ಸಂದೇಹಗಳನ್ನು ಪಾಠ ಹೇಳಿದಂತೆ ಅವಕ್ಕೆ ರೀಡ್ ಮತ್ತು ಸ್ಟೂವರ್ಟರು ಕೊಟ್ಟ ಉತ್ತರಗಳನ್ನೂ ಪಾಠ ಹೇಳಿದ್ದೇನೆಂದು ಅವನು ವಿವರಿಸಿದನು. ಧರ್ಮವೇ ವಿವಾದದ ತಿರುಳಾಗಿದ್ದರೆ ಈ ಉತ್ತರವನ್ನು ಸಭೆಗೆ ಮುಂಚೆಯೇ ಕೇಳಬೇಕಾಗಿತ್ತು. ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ವಿಲ್ಸನ್ ಮತ್ತು ಹೇರರ ಎರಡು ಮತಗಳಿಂದ ನಿರ್ಣಯ ಬದಲಾಗುತ್ತಿರಲಿಲ್ಲ, ನಿಜ. ಆದರೆ ಮೊದಲ ಪ್ರಶ್ನೆಯಲ್ಲಿ ಅವನ ನಿರ್ದೋಷಿತ್ವವನ್ನು ಸಾರಿದವರು ಎರಡನೆಯದರಲ್ಲಿ ಸುಮ್ಮನಾದುದರಿಂದ, ಆ ಪ್ರಶ್ನೆ ಕೇಳತಕ್ಕದ್ದೇ ಎಂದು ಅವರೂ ಒಪ್ಪಿಕೊಂಡಂತಾಯಿತು.

4

ನಿಗ್ರಹದಿಂದ ಬಯಸಿದ ಫಲ ದೊರೆಯಿತೇ? ಡಿರೋಜಿಯೊ 1831ರ ಡಿಸೆಂಬರ್ 26ರಂದು ಕಾಲರಾ ರೋಗದಿಂದ ತೀರಿಕೊಂಡನು. ಆ ವರ್ಷವೇ ಅವನ ಶಿಷ್ಯರು ಎರಡು ಪತ್ರಿಕೆಗಳನ್ನು ಆರಂಭಿಸಿದ್ದರು: ಕೃಷ್ಣಮೋಹನ ಬಂದ್ಯೋಪಾಧ್ಯಾಯರ ಇಂಗ್ಲಿಷ್ ‘ಎನ್‌ಕ್ವೈರರ್’ ಮತ್ತು ದಕ್ಷಿಣಾರಂಜನ ಮುಖೋಪಾಧ್ಯಾಯರು ಮೊದಲುಮಾಡಿದ ‘ಜ್ಞಾನಾನ್ವೇಷಣ’. ಇವು ಕಾಲೇಜಿನ ಹೊರಗಿನ ಪತ್ರಿಕೆಗಳು. ಯಾವ ಅಧ್ಯಾಪಕನ ಸಲಹೆಗೂ ಒಳಪಟ್ಟವಲ್ಲ. ‘ಎನ್‌ಕ್ವೈರರ್’ ಸಂಪ್ರದಾಯಸ್ಥರ ಮೇಲೆ ಬಳಸಿದ ಭಾಷೆ ಕಟುವಾದುದು. ಅದರ ಸಂಪಾದಕರು ಮನೆಯಿಂದ ಹೊರದೂಡಲ್ಪಟ್ಟು, 1832ರಲ್ಲಿ ಡಫ್‌ರಿಂದ ಕ್ರೈಸ್ತ ದೀಕ್ಷೆ ಪಡೆದರು. ಪತ್ರಿಕೆಯನ್ನು ತಡೆದುದೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ಅತಿಯಾಗುತ್ತದೆ. ಆದರೆ ಹಿರಿಯರ ಕಣ್ಣ ಮುಂದೆ, ಅವರೊಡನೆ ವಾದಿಸುತ್ತ ಬೆಳೆಯಬಹುದಾಗಿದ್ದ ಬರವಣಿಗೆ ಅವರ ಕೈಗೆ ಸಿಗದ ಕಡೆಗೆ ಹೋಯಿತೆಂಬುದನ್ನು ಅಲ್ಲಗಳೆಯಲಾಗದು.

ವಿದ್ಯಾರ್ಥಿಗಳ ದೋಷವನ್ನೂ ಹೇಳದೆ ಬಿಡಬಾರದು. ಸ್ತ್ರೀಶಿಕ್ಷಣವನ್ನು ಪ್ರತಿಪಾದಿಸಿದ ಪತ್ರಿಕೆಯನ್ನು ಅವರು ಬರೆದುದು ಇಂಗ್ಲಿಷಿನಲ್ಲಿ. ಅವರ ಮನೆಯ ಹೆಂಗಸರಿಗೆ ಅದರ ಒಂದಕ್ಷರವೂ ತಿಳಿಯುವಂತಿರಲಿಲ್ಲ. ಗ್ರೀಕರ ದೇವಾಲಯದ ಹೆಸರನ್ನು ಇಟ್ಟುಕೊಂಡ ಅವರಿಗೆ ಹಿತ್ತಿಲ ದೇವಾಲಯದ ಮುಂದೆ ಕೈಮುಗಿಯುವವರ ಮನಸ್ಸು ಎಷ್ಟು ತಿಳಿದಿತ್ತೋ ಸಂದೇಹ. ಆದರೆ ಇಂಥ ದೋಷಗಳು ಬರೆಯುತ್ತ ಬರೆಯುತ್ತ ತಿದ್ದಿಕೊಳ್ಳತಕ್ಕವು. 1854ರಲ್ಲಿ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಗಳಾದ ಪ್ಯಾರೀಚಾಂದ ಮಿತ್ರ ಮತ್ತು ರಾಧಾನಾಥ ಶಿಕ್ದಾರರು ‘ಮಾಸಿಕ ಪತ್ರಿಕೆ’ಯನ್ನು ಹೆಂಗಸರಿಗೂ ತಿಳಿಯುವ ಆಡುಮಾತಿನ ಬಂಗಾಳಿಯಲ್ಲಿ ಹೊರಡಿಸಿದರು. ಅದಕ್ಕೂ ಮುಂಚೆ, 1849ರಲ್ಲಿ ಬೆಥೂನ್ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಾಗ ಅದಕ್ಕೆ ನಿವೇಶನ ಕೊಟ್ಟವರು ದಕ್ಷಿಣಾರಂಜನರು. 1830ರ ಪತ್ರಿಕೆಯ ವಿಷಯ ಹೀಗೆ ಮಧ್ಯವಯಸ್ಕರ ಕೈಯಲ್ಲಿ ಮರಳಿ ಬಂದಿತು. ನಡುವಿನ ವರ್ಷಗಳ ನಷ್ಟ ಯಾರ ಲೆಕ್ಕಕ್ಕೆ ಸೇರಬೇಕು?

ಜನಾಭಿಪ್ರಾಯದ ವಾದವಾದರೋ ಕಾಲೇಜಿನಲ್ಲಿ ಉಳಿದೇ ಇತ್ತು; ಕಾಲಕ್ಕೆ ತಕ್ಕಂತೆ ಅದರ ಒಡೆಯರು ಮಾತ್ರ ಬದಲಾದರು. 1843ರ ಫೆಬ್ರವರಿಯಲ್ಲಿ ಕಾಲೇಜಿನ ಸಭಾಂಗಣದಲ್ಲಿ ದಕ್ಷಿಣಾರಂಜನರು ಕಂಪೆನಿಯ ನ್ಯಾಯಾಲಯಗಳನ್ನೂ ಪೊಲೀಸು ವ್ಯವಸ್ಥೆಯನ್ನೂ ಟೀಕಿಸಿ ಪ್ರಬಂಧವೊಂದನ್ನು ಓದುತ್ತಿರುವಾಗ, ಪ್ರಿನ್ಸಿಪಾಲ್ ರಿಚರ್ಡ್‌ಸನ್ ಎದ್ದು ನಿಂತು, ಈ ಸ್ಥಳ ರಾಜದ್ರೋಹದ ಬಿಡಾರವಾಗಲು ಬಿಡುವುದಿಲ್ಲವೆಂದು ತಡೆದರು. ಈ ಸಲ ಧರ್ಮದ ಮಾತೇ ಇಲ್ಲ. 1853ರಲ್ಲಿ ಗಣಿಕೆಯೊಬ್ಬಳ ಮಗನನ್ನು ಸೇರಿಸಿಕೊಂಡುದಕ್ಕೆ ಗಣ್ಯರು ಸಿಟ್ಟಾಗಿ ಹಿಂದೂ ಮೆಟ್ರೊಪಾಲಿಟನ್ ಕಾಲೇಜೆಂಬ ಬೇರೊಂದು ಸಂಸ್ಥೆಯನ್ನೇ ಕಟ್ಟಿದರು. 1830ರಿಂದ ಯಾರ ಮನಸ್ಸನ್ನು ನೋಯಿಸಬಾರದೆಂದು ಕಾಲೇಜು ಇಷ್ಟೆಲ್ಲ ಮಾಡಿತೋ ಅವರೇ ಕೊನೆಗೆ ಅದನ್ನು ಬಿಟ್ಟು ನಡೆದರು. 1855ರಲ್ಲಿ ಅದು ಎಲ್ಲ ಮತದವರಿಗೂ ತೆರೆದ ಪ್ರೆಸಿಡೆನ್ಸಿ ಕಾಲೇಜಾಯಿತು.

5

ಇನ್ನು ಚರಿತ್ರಕಾರರನ್ನು ಕುರಿತು ಒಂದು ಮಾತು. ಡಿರೋಜಿಯೊನ ಶಿಷ್ಯರು ಗದ್ದಲ ಮಾಡಿದಷ್ಟು ಕೆಲಸ ಮಾಡಲಿಲ್ಲ, ಅವರಿಂದ ಉಳಿದ ಸ್ವಂತ ಬರವಣಿಗೆ ಅಲ್ಪ, ವಿಚಾರದ ಆಳ ಸಾಲದು ಎಂಬ ಅಭಿಪ್ರಾಯ ಹಲವು ಗ್ರಂಥಗಳಲ್ಲಿ ಕಾಣುತ್ತದೆ. ಅದರಲ್ಲಿ ಸತ್ಯಾಂಶವಿದೆ. ಆದರೆ ಅಲ್ಪವಾಗಿ ಉಳಿಯಲು ಕಾರಣಗಳೇನೆಂದು ಕೇಳುವಾಗ, ಅವರ ಮೊತ್ತಮೊದಲ ಪತ್ರಿಕೆ ಎರಡನೆಯ ಸಂಚಿಕೆಯಲ್ಲೇ ಅಡಗಿಹೋಯಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ‘ಪಾರ್ಥೆನಾನ್’ ಕುರಿತು ನಾವು ಹೇಳಬಲ್ಲುದೆಲ್ಲ ಬಹುಮಟ್ಟಿಗೆ ಇತರರ ಮಾತಿನ ಮೂಲಕ ಬಂದುದು. ಪ್ಯಾರೀಚಾಂದ ಮಿತ್ರರು ಬರೆದ ಡೇವಿಡ್ ಹೇರರ ಜೀವನಚರಿತ್ರೆ 1877ರದು. ಥಾಮಸ್ ಎಡ್ವರ್ಡ್ಸ್ ಬರೆದ ಡಿರೋಜಿಯೊನ ಜೀವನಚರಿತ್ರೆ 1884ರದು. ಇವು ಅರ್ಧ ಶತಮಾನ ಕಳೆದಮೇಲಿನ ಸ್ಮರಣೆಗಳು. ಆಡಳಿತ ಮಂಡಲಿಯ ನಡವಳಿಕೆಗಳಾದರೋ ಯಾರು ಏನೆಂದರೆಂಬ ವಿವರಗಳೊಡನೆ ನಮಗೆ ದೊರೆಯುತ್ತವೆ. ಹೀಗೆ ತಡೆದವರ ಮಾತು ದಾಖಲೆಯಾಗಿ, ತಡೆಯಲ್ಪಟ್ಟವರ ಮಾತು ವದಂತಿಯಾಗಿ ಉಳಿಯಿತು. ಈ ಅಸಮತೆಯನ್ನು ಗಮನಿಸದೆ ಎರಡು ಪಕ್ಷಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಈ ವಿಷಯ ಬಂಗಾಳದ ಹಳೆಯ ಕಥೆಯಾಗಿ ಮಾತ್ರ ನಮ್ಮನ್ನು ಎಳೆಯಲಿಲ್ಲ. ನಮ್ಮ ನಾಡಿನಲ್ಲಿಯೂ ಮಠಗಳು, ಕ್ರೈಸ್ತ ಸಂಘಗಳು, ನಾನಾ ಮತೀಯ ಸಂಸ್ಥೆಗಳು ಕಾಲೇಜುಗಳನ್ನು ನಡೆಸುತ್ತಿವೆ; ಅವುಗಳಿಂದ ನಾಡಿಗೆ ಆಗಿರುವ ವಿದ್ಯಾದಾನ ಅಪಾರವಾದುದು. ಕಾಲೇಜುಗಳ ವಾರ್ಷಿಕ ಸಂಚಿಕೆಗೆ ಬಂದ ಬರಹಗಳನ್ನು ಆರಿಸುವ ಕೆಲಸ ಅಧ್ಯಾಪಕರದು. ಕೆಂಪು ಶಾಯಿಯ ಲೇಖನಿಯನ್ನು ಹಿಡಿದವರಲ್ಲಿ ನಾವೂ ಸೇರಿದ್ದೇವೆ. ಸಂಸ್ಥೆಗೇಕೆ ತೊಂದರೆಯೆಂದು ಒಂದು ಪುಟವನ್ನು ಬದಿಗಿಟ್ಟ ನೆನಪು ನಮಗೂ ಇಲ್ಲದಿಲ್ಲ. ಬರಹ ಸುಳ್ಳಾಗಿದ್ದರೆ, ಮತ್ತೊಬ್ಬರ ಮಾನಕ್ಕೆ ಕುಂದು ತರುವಂತಿದ್ದರೆ, ಸಂಸ್ಥೆ ಮುಚ್ಚುಮರೆಯಿಲ್ಲದೆ ಸಾರಿದ ತತ್ತ್ವಕ್ಕೆ ವಿರುದ್ಧವಾಗಿದ್ದರೆ, ಹಾಗೆಂದು ವಿದ್ಯಾರ್ಥಿಗೆ ಹೇಳಬಹುದು, ಅವನು ಉತ್ತರ ಕೊಡಬಹುದು, ತಿದ್ದಬಹುದು. ಯಾರೋ ಅಸಮಾಧಾನಗೊಂಡಾರು ಎಂಬ ಕಾರಣಕ್ಕೆ ಮಾತ್ರ ಅವನಲ್ಲಿ ಉತ್ತರವಿರುವುದಿಲ್ಲ, ಏಕೆಂದರೆ ಅದು ಅವನ ಬರಹಕ್ಕೆ ಸಂಬಂಧಿಸಿದ ಕಾರಣವೇ ಅಲ್ಲ.

ಆದುದರಿಂದ ತಡೆಯಲೇಬೇಕಾದ ಸಂದರ್ಭ ಬಂದಾಗ ಎರಡು ನಿಯಮಗಳನ್ನಾದರೂ ಪಾಲಿಸಬೇಕೆಂಬುದು ನಮ್ಮ ಮತ. ಬರೆದವನನ್ನು ಕರೆದು ಅವನ ಮಾತನ್ನು ಕೇಳಬೇಕು. ತಡೆದ ಕಾರಣವನ್ನು ಬರೆದಿಟ್ಟು, ತಡೆದ ಬರಹವನ್ನೂ ಅದರೊಡನೆ ಇಡಬೇಕು. 1831ರ ಸಭೆ ಮೊದಲನೆಯದನ್ನು ಪಾಲಿಸಿದ್ದರೆ ಅದರ ಎರಡನೆಯ ಪ್ರಶ್ನೆ ಅಷ್ಟು ಸುಲಭವಾಗಿ ಏಳುತ್ತಿರಲಿಲ್ಲ. 1830ರಲ್ಲಿ ಎರಡನೆಯದನ್ನು ಪಾಲಿಸಿದ್ದರೆ, ಆ ಹುಡುಗರು ನಿಜವಾಗಿ ಏನು ಬರೆದಿದ್ದರೆಂಬುದನ್ನು ಅವರ ಮಾತಿನಲ್ಲಿಯೇ ಓದಿ ವಿಮರ್ಶಿಸುವ ಅವಕಾಶ ಈ ಲೇಖನಕ್ಕೆ ದೊರೆಯುತ್ತಿತ್ತು.